ಅನುಮಾನದ ಬಡ್ಡಿ

ನನ್ನ ಅತ್ತೆಗೆ ಊರವರು ಇಟ್ಟ ಹೆಸರು ಕಾಲು ಪರ್ಸೆಂಟ್. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ, ಆದರೆ ಅವರಿಗೆ ಗೊತ್ತಿತ್ತು. ಬೇಜಾರೂ ಇರಲಿಲ್ಲ. "ಅರ್ಧ ಪರ್ಸೆಂಟ್ ಅಂದಿದ್ರೆ ಸಿಟ್ಟು ಬರ್ತಿತ್ತು. ಅಷ್ಟು ಒರಟು ಲೆಕ್ಕ ನನ್ನದಲ್ಲ" ಎಂದು ಒಮ್ಮೆ ಹೇಳಿದ್ದರು. ಅವರ ಬಾಯಿಂದ ನಾನು ಕೇಳಿದ ತಮಾಷೆ ಇದೊಂದೇ, ಅದೂ ತಮಾಷೆಯೋ ಅಲ್ಲವೋ ಇವತ್ತಿಗೂ ಖಾತ್ರಿಯಿಲ್ಲ.

ಕೈಕಸುಬಿನವರ ಉಳಿತಾಯ ಮತ್ತು ಸಾಲದ ಸಂಘದಲ್ಲಿ ಅವರು ಬಡ್ಡಿ ಗುಮಾಸ್ತೆ. ಬಣ್ಣದ ಅಂಗಡಿಯ ಮೇಲಿನ ಮಹಡಿ, ಹದಿನೆಂಟು ಮೆಟ್ಟಿಲು. ಹತ್ತಿ ಹೋದರೆ ಟರ್ಪೆಂಟೈನ್ ವಾಸನೆ, ಮರದ ಕೌಂಟರು, ಕಾಯುವವರಿಗೆ ಒಂದು ಉದ್ದನೆಯ ಬೆಂಚು, ಗೋಡೆಗೆ ಒಂದು ಕಪ್ಪು ಹಲಗೆ. ಬಡಗಿಗಳು, ದರ್ಜಿಗಳು, ಪ್ಲಂಬರುಗಳು, ಹಾಲು ಹಾಕುವವರು, ಕಾವಲುಗಾರರು ತಿಂಗಳಿಗಿಷ್ಟು ಎಂದು ಅಲ್ಲಿ ಉಳಿಸುತ್ತಿದ್ದರು. ಅವರಲ್ಲೇ ಬೇಕಾದವರು ಸಾಲ ಎತ್ತುತ್ತಿದ್ದರು.

ಅತ್ತೆ ಅಲ್ಲಿಗೆ ಸೇರಿದ್ದು ಹತ್ತೊಂಬತ್ತನೇ ವಯಸ್ಸಿನಲ್ಲಿ, ಟೈಪ್ ಮಾಡಲು. ಆಗಿನ ಬಡ್ಡಿ ಗುಮಾಸ್ತರು ಮುಖ ನೋಡಿ ಮಣೆ ಹಾಕುವವರು. ನಗುನಗುತ್ತಾ ಮಾತಾಡಿದವನಿಗೆ ಎಂಟು ಪರ್ಸೆಂಟ್ ಬಡ್ಡಿ, ಮುಖ ಗಂಟಿಕ್ಕಿದವನಿಗೆ ಹನ್ನೊಂದು. ಒಂದು ವರ್ಷ ಬೆಲೆಗಳು ಮುಗಿಲಿಗೇರಿದವು. ಪಕ್ಕದ ಬೀದಿಯ ಬ್ಯಾಂಕು ಠೇವಣಿಗೇ ಹತ್ತು ಕೊಡತೊಡಗಿದಾಗ ನಮ್ಮ ಗುಮಾಸ್ತರು ನಗುಮುಖದವರಿಗೆ ಎಂಟಕ್ಕೇ ಸಾಲ ಕೊಡುತ್ತಾ ಕೂತಿದ್ದರು. ಠೇವಣಿದಾರರು ಹಣ ಎತ್ತಿಕೊಂಡು ಹೊರಟರು. ಸಂಘ ಮುಳುಗುವುದೊಂದು ಬಾಕಿ. ಆಗ ಟೈಪಿಸ್ಟ್ ಹುಡುಗಿ ಅಧ್ಯಕ್ಷರ ಮೇಜಿನ ಮೇಲೆ ಪತ್ರಿಕೆಯ ಒಳಪುಟ ಹಾಸಿ, ಯಾರೂ ಓದದ ಒಂದು ಮೂಲೆಗೆ ಬೆರಳಿಟ್ಟಳಂತೆ. "ಸಾರ್, ಉತ್ತರ ವಾರಾವಾರ ಇಲ್ಲಿ ಅಚ್ಚಾಗ್ತಾ ಇದೆ. ನಾವು ನೋಡ್ತಾ ಇಲ್ಲ ಅಷ್ಟೆ." ಸರ್ಕಾರಿ ಬಾಂಡುಗಳ ಬೆಲೆಯ ಪಟ್ಟಿ ಅದು. ಮೂರು ತಿಂಗಳಲ್ಲಿ ಹಳೆಯ ಗುಮಾಸ್ತರು ಮನೆಗೆ ಹೋದರು, ಕುರ್ಚಿ ಅತ್ತೆಗೆ ಬಂತು.

ಅಲ್ಲಿಂದ ಪ್ರತಿ ಸೋಮವಾರ ಬೆಳಿಗ್ಗೆ ಹಲಗೆಯ ಮೇಲೆ ಮೂರು ಸಾಲು ಸೀಮೆಸುಣ್ಣದಲ್ಲಿ ಬರೆಯುವುದು ಅವರ ಪದ್ಧತಿ. ಮೊದಲನೆಯದು, ಸರ್ಕಾರಿ ಬಾಂಡಿನ ಇಂದಿನ ಇಳುವರಿ, ಅಂದರೆ ಅದನ್ನು ಇವತ್ತು ಕೊಂಡವನಿಗೆ ವರ್ಷಕ್ಕೆ ಬೀಳುವ ಲಾಭ. ಎರಡನೆಯದು, ಸಂಘದ ಖರ್ಚು. ಇವೆರಡರ ಮುಂದೆ ಅಂಕಿ ಇರುತ್ತಿತ್ತು. ಮೂರನೆಯದರ ಮುಂದೆ ಅಂಕಿ ಇರುತ್ತಿರಲಿಲ್ಲ. "ಅನುಮಾನ: ಕೇಳಿ ತಿಳಿಯಿರಿ" ಎಂದಷ್ಟೇ.

ಮೊದಲ ಸಾಲನ್ನು ಅವರು ಬೆಂಚಿನ ಮೇಲೆ ಕೂತವರಿಗೆ ಬೇಸರವಿಲ್ಲದೆ ವಿವರಿಸುತ್ತಿದ್ದರು. ಕೌಂಟರಿನ ಹಿಂದೆ ಕೂತರೆಂದರೆ ಹಸುಗೂಸಿಗೂ 'ತಾವು' ಎನ್ನುವ ಹೆಂಗಸು. ಒಂದು ದಿನ ಒಬ್ಬ ಬಡಗಿಗೆ ಹೇಳುತ್ತಿದ್ದುದನ್ನು ನಾನೇ ಕೇಳಿದ್ದೇನೆ.

"ಸರ್ಕಾರ ಬಾಂಡು ಅಂತ ಒಂದು ಕಾಗದ ಮಾರುತ್ತೆ. ನೂರು ಕೊಡಿ, ವರ್ಷಕ್ಕೆ ಏಳು ಕೊಡ್ತೀನಿ, ಹತ್ತು ವರ್ಷ ಆದಮೇಲೆ ನೂರು ವಾಪಸ್ ಅನ್ನುತ್ತೆ. ತಾವು ತಗೊಂಡ್ರಿ. ಮುಂದಿನ ವರ್ಷ ಹೊಸ ಕಾಗದಕ್ಕೆ ಒಂಬತ್ತು ಕೊಡೋಕೆ ಶುರು ಮಾಡುತ್ತೆ. ಈಗ ತಮ್ಮ ಹಳೇ ಕಾಗದಾನ ನೂರಕ್ಕೆ ಯಾರು ಕೊಳ್ತಾರೆ?"

"ತಲೆ ಕೆಟ್ಟವನೂ ಕೊಳ್ಳಲ್ಲ."

"ಎಂಬತ್ತೆಂಟಕ್ಕೆ ಬಿಟ್ರೆ?"

ಬಡಗಿ ಗಡ್ಡ ಕೆರೆದುಕೊಂಡ. "ಆಗ ಯೋಚನೆ ಮಾಡಬಹುದು."

"ಎಂಬತ್ತೆಂಟು ಕೊಟ್ಟವನಿಗೂ ವರ್ಷಕ್ಕೆ ಏಳು ಬರುತ್ತೆ, ಕೊನೆಗೆ ನೂರು ಬರುತ್ತೆ. ಕೂಡಿ ಕಳೆದ್ರೆ ಅವನಿಗೂ ಒಂಬತ್ತೇ ಬಿತ್ತು. ಕಾಗದದ ಬೆಲೆ ಇಳಿದ್ರೆ ಇಳುವರಿ ಏರುತ್ತೆ ಅಂದ್ರೆ ಇಷ್ಟೇ. ಯಾರೋ ದೊಡ್ಡ ಮನುಷ್ಯ ಕುರ್ಚಿ ಮೇಲೆ ಕೂತು ಹೇಳಿದ ಅಂಕಿ ಅಲ್ಲ ಅದು. ಬ್ಯಾಂಕುಗಳಿಗೇ ಸಾಲ ಕೊಡೋ ದೊಡ್ಡ ಬ್ಯಾಂಕು ಒಂದು ರಾತ್ರಿಯ ಸಾಲಕ್ಕೆ ದರ ಹೇಳುತ್ತೆ, ಅದು ನಿಜ. ಹತ್ತು ವರ್ಷದ ದರ ಹೇಳೋರು ಕೊಳ್ಳೋರು, ಮಾರೋರು. ಮುಂದೆ ಬೆಲೆ ಎಷ್ಟು ಏರಬಹುದು, ಹಣ ಎಷ್ಟು ದಿನ ಕೈಬಿಟ್ಟು ಇರಬೇಕು ಅಂತ ಸಾವಿರಾರು ಜನ ಹೆದರಿ, ಆಸೆಪಟ್ಟು, ಚೌಕಾಸಿ ಮಾಡಿ ಕೊನೆಗೆ ಒಪ್ಪಿಕೊಂಡ ಅಂಕಿ. ಕಾಯೋ ಕೂಲಿ ಅನ್ನಿ."

"ಅದು ಸರ್ಕಾರದ ಕಥೆ. ನನಗ್ಯಾಕೆ ಅದಕ್ಕಿಂತ ಜಾಸ್ತಿ?"

"ಸರ್ಕಾರಕ್ಕೆ ಕೊಟ್ರೆ ನಾನು ನಿಶ್ಚಿಂತೆಯಿಂದ ನಿದ್ದೆ ಮಾಡ್ತೀನಿ. ತಮಗೆ ಕೊಟ್ರೆ ನಡುವೆ ಒಂದು ಸಲ ಎಚ್ಚರ ಆಗುತ್ತೆ. ಆ ಎಚ್ಚರಕ್ಕೆ ಒಂದು ಬೆಲೆ ಇದೆ. ಅದು ಮೂರನೇ ಸಾಲು."

ಬೆಂಚಿನವರೆಲ್ಲ ನಕ್ಕರು. ಮೂರನೇ ಸಾಲಿನ ಬಗ್ಗೆ ಮಾತ್ರ ಬಡಗಿ ಮುಂದೆ ಕೇಳಲಿಲ್ಲ.

ಅನುಮಾನಕ್ಕೆ ಅತ್ತೆ ಒಂದು ಚೀಟಿ ಬರೆಯುತ್ತಿದ್ದರು. ಪ್ರತಿ ಸಾಲಗಾರನಿಗೂ ಒಂದು. ಬಂದ ಕಾಗದ ಎಸೆದು ಅಭ್ಯಾಸವಿಲ್ಲದ್ದರಿಂದ ಖಾಲಿ ಲಕೋಟೆಗಳನ್ನು ಸೀಳಿ, ಅದರ ಒಳಮೈ ಮೇಲೆ ಪೆನ್ಸಿಲಿನಲ್ಲಿ ಬರೆಯುವುದು. ಯಾವ್ಯಾವ ಕಾರಣಕ್ಕೆ ಅನುಮಾನ, ಒಂದೊಂದು ಕಾರಣಕ್ಕೂ ಎಷ್ಟು ಕಾಲು ಪರ್ಸೆಂಟ್. ಯಾವ ಸಾಲಗಾರನಾದರೂ, ಯಾವತ್ತಾದರೂ ಬಂದು "ನನ್ನ ಚೀಟಿ ತೋರಿಸಿ" ಎಂದರೆ ತೋರಿಸಲೇಬೇಕು. ಪುರಾವೆ ಇಟ್ಟು ವಾದಿಸಿದರೆ, ಒಪ್ಪಿಗೆಯಾದಷ್ಟು ಕಾಲನ್ನು ಅಲ್ಲೇ ಹೊಡೆದು ಹಾಕಬೇಕು. ಕೇಳದೆ ತಾವಾಗಿ ತೋರಿಸುವಂತಿಲ್ಲ, ಕೇಳದೆ ಇಳಿಸುವಂತೆಯೂ ಇಲ್ಲ. ಇಳಿಸಿದರೆ ಮತ್ತೆ ಮುಖ ನೋಡಿ ಇಳಿಸಿದರು ಎಂಬ ಮಾತು ಬರುತ್ತದೆ. ಈ ನಿಯಮ ಮಾಡಿದ್ದು ಅವರೇ. ಎಷ್ಟು ನ್ಯಾಯವಾದ ನಿಯಮ ಎಂದು ಅಧ್ಯಕ್ಷರು ಮೆಚ್ಚಿಕೊಂಡರಂತೆ. ನನ್ನ ಮಾತು ಕೇಳಿದರೆ, ಮನುಷ್ಯರ ವಿಷಯ ಗೊತ್ತಿಲ್ಲದವರು ಮಾಡಿದ ನಿಯಮ ಅದು. ನನ್ನ ಮೇಲೆ ನಿಮಗೇನು ಅನುಮಾನ ಎಂದು ತುಂಬಿದ ಬೆಂಚಿನ ಮುಂದೆ ಕೇಳಲು ಯಾರಿಗೆ ಮುಖವಿರುತ್ತದೆ? ಎರಡು ಪರ್ಸೆಂಟು ಹೆಚ್ಚು ಕಟ್ಟಿಕೊಂಡು ಹೋಗುತ್ತಾರೆ, ಕೇಳುವುದಿಲ್ಲ. ವರ್ಷಕ್ಕೆ ಮೂರೋ ನಾಲ್ಕೋ ಜನ ಕೇಳಿದರೆ ಹೆಚ್ಚು.

ನಾನೂ ಕೇಳಲಿಲ್ಲ. ಈಗ ನನ್ನ ವಿಷಯಕ್ಕೆ ಬರುತ್ತೇನೆ.

ನಾನು ಕನ್ನಡಕದ ಗಾಜು ಉಜ್ಜುವವಳು. ಹನ್ನೊಂದು ವರ್ಷ ಬೇರೆಯವರ ಅಂಗಡಿಯಲ್ಲಿ ಉಜ್ಜಿದೆ. ದುಂಡನೆಯ ಗಾಜನ್ನು ಚೌಕಟ್ಟಿನ ಆಕಾರಕ್ಕೆ ತಂದು, ಅಂಚು ನಯಮಾಡಿ ಕೂರಿಸುವುದು ನನ್ನ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೆ ಗಾಜು ಬಿರಿಯುತ್ತದೆ, ಇಲ್ಲವೇ ತೊಟ್ಟವನಿಗೆ ತಲೆನೋವು. ಒಬ್ಬರು ಹಳೆಯ ಯಂತ್ರ ಮಾರುತ್ತಾರೆಂದು ತಿಳಿದಾಗ ಸ್ವಂತ ಅಂಗಡಿ ಇಡುವ ಆಸೆ ಹುಟ್ಟಿತು. ಮೆಟ್ಟಿಲ ಕೆಳಗಿನ ಒಂದು ಕಿರುಕೋಣೆ ಬಾಡಿಗೆಗೆ ಸಿಕ್ಕಿತು. ಸಾಲಕ್ಕೆ ಸಂಘಕ್ಕೇ ಅರ್ಜಿ ಹಾಕಿದೆ.

ಮನೆಯವರ ಅರ್ಜಿ ಎಂದು ಅತ್ತೆ ಅದನ್ನು ಅಧ್ಯಕ್ಷರ ಕೈಗೆ ಕೊಟ್ಟರು. ಅಧ್ಯಕ್ಷರು ನಿವೃತ್ತ ಮೇಷ್ಟರು, ಪತ್ರಿಕೆಯ ಆ ಮೂಲೆ ಕಂಡರೆ ಅವರಿಗೆ ಚಳಿಜ್ವರ. "ನೀವೇ ಬರೀರಿ, ನಾನು ಸಹಿ ಹಾಕ್ತೀನಿ" ಎಂದು ಅರ್ಜಿಯನ್ನು ವಾಪಸು ಮಾಡಿದರು. ವಾರದ ನಂತರ ಕೌಂಟರಿನಲ್ಲಿ ಅತ್ತೆ ನನಗೆ ದರ ಓದಿ ಹೇಳಿದರು. "ಇಳುವರಿ ಏಳು, ಖರ್ಚು ಒಂದೂವರೆ, ಅನುಮಾನ ಮೂರೂವರೆ. ಒಟ್ಟು ಹನ್ನೆರಡು. ಮೂರು ತಿಂಗಳಿಗೊಮ್ಮೆ ಮೊದಲ ಸಾಲಿನ ಜೊತೆ ಏರಿಳಿಯುತ್ತೆ. ತಮಗೆ ಒಪ್ಪಿಗೆಯಾದರೆ ಇಲ್ಲಿ ಸಹಿ."

ಮುಖಕ್ಕೆ ಹೊಡೆದ ಹಾಗಾಯಿತು. ಕುಡುಕನೆಂದು ಹೆಸರಾಗಿದ್ದ ಪ್ಲಂಬರಿಗೆ ಎರಡೂಕಾಲು ಹಾಕಿದ್ದರು. ಬಡಗಿಗೆ ಒಂದೂಮುಕ್ಕಾಲು. ಒಂದೇ ಸೂರಿನಡಿ ಮಲಗಿ, ಒಂದೇ ಪಾತ್ರೆಯ ಚಹಾ ಕುಡಿಯುವ ಸೊಸೆಗೆ ಮೂರೂವರೆ! ಅತ್ತೆ ಪೆನ್ನು ನನ್ನ ಕಡೆ ಚಾಚಿ ಒಂದು ಕ್ಷಣ ಹಾಗೇ ಹಿಡಿದಿದ್ದರು. ಏನೋ ಕೇಳುತ್ತೇನೆಂದು ಕಾಯುತ್ತಿದ್ದರು ಎಂದು ಈಗ ಅನಿಸುತ್ತದೆ. ನಾನು ಸಹಿ ಹಾಕಿ ಮೆಟ್ಟಿಲಿಳಿದೆ.

ಅವತ್ತಿನಿಂದ ಆ ಹದಿನೆಂಟು ಮೆಟ್ಟಿಲು ನಾನು ಹತ್ತಲಿಲ್ಲ. ಮನೆಯಲ್ಲಿ ಮಾತಿಗೆ ಕೊರತೆಯೇನೂ ಆಗಲಿಲ್ಲ. ಬಟ್ಟೆ ಒಣಗಿತೇ, ಹಾಲು ಬಂತೇ, ಬಾಗಿಲು ಹಾಕಿದೆಯಾ ಎಂಬುದೆಲ್ಲ ಇತ್ತು. ಅದರಾಚೆ ಒಂದು ಮಾತಿಲ್ಲ. ಕಂತು ಮನೆಯಲ್ಲೇ ಅವರ ಕೈಗೆ ಕೊಡಬಹುದಿತ್ತಲ್ಲ ಎನ್ನಬೇಡಿ. ಸಂಘದ ಹಣವನ್ನು ಮನೆಯಲ್ಲಿ ಬೆರಳಿಂದಲೂ ಮುಟ್ಟದವರು ಅವರು. ಹಾಗಾಗಿ ಪ್ರತಿ ತಿಂಗಳ ಐದನೇ ತಾರೀಕು ಕಂತು ಕಟ್ಟಲು ನನ್ನ ಗಂಡ ಹೋಗುತ್ತಿದ್ದರು. ನಾನು ಹಣ ಎಣಿಸಿ ಲಕೋಟೆಗೆ ಹಾಕಿ ಕೊಡುವುದು, ಅವರು ಚಪ್ಪಲಿ ಅಂಗಡಿಯ ತಮ್ಮ ಕೆಲಸದ ನಡುವೆ ಬಿಡುವು ಮಾಡಿಕೊಂಡು ಹೋಗಿ ತಾಯಿಯ ಕೌಂಟರಿನಲ್ಲಿ ಕಟ್ಟುವುದು, ರಸೀತಿಯ ಮೇಲೆ 'ತಂದವರು' ಎಂಬಲ್ಲಿ ಸಹಿ ಹಾಕಿ ತರುವುದು.

ನನ್ನ ಗಂಡನ ಬಗ್ಗೆ ಒಂದು ಮಾತು ಹೇಳಬೇಕು. ಒಳ್ಳೆಯವರು. ಒಳ್ಳೆಯತನವೇ ಕೊಂಚ ಜಾಸ್ತಿ. ಇಲ್ಲ ಎಂಬ ಮಾತು ಅವರ ಬಾಯಲ್ಲಿ ಹುಟ್ಟುವುದೇ ಇಲ್ಲ. ಮದುವೆಗೆ ಮುಂಚೆ, ಪಕ್ಕದ ಮನೆಯ ದರ್ಜಿ ಕಾಲು ಮುರಿದುಕೊಂಡು ಮಲಗಿದ್ದಾಗ ತನ್ನ ಕಂತನ್ನು ಸಂಘಕ್ಕೆ ಕಟ್ಟಿಬರಲು ಇವರ ಕೈಗೆ ಕೊಟ್ಟಿದ್ದನಂತೆ. ದಾರಿಯಲ್ಲಿ ಗೆಳೆಯನೊಬ್ಬ ಸಿಕ್ಕಿ ಎರಡೇ ದಿನಕ್ಕೆ ಎಂದು ಅಂಗಲಾಚಿದ. ಕೊಟ್ಟುಬಿಟ್ಟರು. ಎರಡು ದಿನ ನಾಲ್ಕು ತಿಂಗಳಾಯಿತು. ಏನೂ ಅರಿಯದ ದರ್ಜಿಯ ಹೆಸರಿನ ಮುಂದೆ ಅತ್ತೆಯ ಕೈಯಿಂದಲೇ 'ತಪ್ಪಿದೆ' ಎಂಬ ಮುದ್ರೆ ಬಿತ್ತು. ನಿಜ ಗೊತ್ತಾದ ದಿನ ಅತ್ತೆ ತಮ್ಮ ಸಂಬಳದಿಂದ ಆ ಹಣ ಕಟ್ಟಿ, ದರ್ಜಿಯ ಮನೆಗೆ ಹೋಗಿ ಕ್ಷಮೆ ಕೇಳಿ ಬಂದರಂತೆ. ಮಗನಿಗೆ ಒಂದು ಮಾತೂ ಬಯ್ಯಲಿಲ್ಲವಂತೆ. ನಮ್ಮ ಮನೆಯಲ್ಲಿ ಇದು ನಗುವ ಕಥೆ. ನನ್ನ ಗಂಡನೇ ಅಭಿನಯಿಸಿ ಹೇಳುತ್ತಿದ್ದರು. ಅತ್ತೆ ಮಾತ್ರ ಆ ಹೊತ್ತಿಗೆ ಎದ್ದು ಒಳಗೆ ಹೋಗುತ್ತಿದ್ದರು.

ಮೂರು ವರ್ಷ ಹೀಗೇ ನಡೆಯಿತು. ಅಂಗಡಿ ಕುದುರಿತು. ನಾಲ್ಕನೇ ವರ್ಷ ಕಾಲಿಡುವ ಹೊತ್ತಿಗೆ ಎಣ್ಣೆ, ಬೇಳೆ, ಬಸ್ಸಿನ ಟಿಕೆಟ್ಟು, ಗಾಜಿನ ಬಿಲ್ಲೆ ಎಲ್ಲದರ ಬೆಲೆ ಒಟ್ಟಿಗೇ ಜಿಗಿಯಿತು. ದೊಡ್ಡ ಬ್ಯಾಂಕು ದರ ಏರಿಸಿತು. ಹಳೆಯ ಬಾಂಡುಗಳನ್ನು ಯಾರೂ ಮೂಸುತ್ತಿಲ್ಲ ಎಂದು ಅತ್ತೆ ಬೆಳಗಿನ ಚಹಾದ ಹೊತ್ತಿಗೆ ಪತ್ರಿಕೆಗೆ ಹೇಳುವಂತೆ ಹೇಳಿಕೊಂಡರು. ಸೋಮವಾರ ಸೋಮವಾರಕ್ಕೆ ಹಲಗೆಯ ಮೊದಲ ಸಾಲು ಏರಿತು. ಏಳೂವರೆ, ಎಂಟೂಕಾಲು, ಕೊನೆಗೆ ಒಂಬತ್ತೂಕಾಲು. ನನ್ನ ಹನ್ನೆರಡು ಹದಿನಾಲ್ಕೂಕಾಲಾಯಿತು.

ಅಂಗಡಿ ಮುಚ್ಚಿ ಸಂಜೆ ಲೆಕ್ಕ ಹಾಕಿದೆ. ಗಾಜಿನ ಬೆಲೆ ಏರಿದ್ದು ಒಂದು ಕಡೆ, ಕಂತು ಏರಿದ್ದು ಇನ್ನೊಂದು ಕಡೆ. ಎಷ್ಟು ಸಲ ಹಾಕಿದರೂ ಒಂದೇ ಉತ್ತರ. ದರ ಹನ್ನೆರಡೂವರೆಗೆ ಇಳಿದರೆ ಹೇಗೋ ಉಸಿರಾಡಬಹುದು. ಇಲ್ಲದಿದ್ದರೆ ವರ್ಷದೊಳಗೆ ಅಂಗಡಿ ಮುಚ್ಚಬೇಕು. ಒಂದು ಕಂತು ತಪ್ಪಿದರೂ ಯಂತ್ರವನ್ನು ಸಂಘ ವಶಕ್ಕೆ ತೆಗೆದುಕೊಳ್ಳಬಹುದೆಂದು ಸಹಿ ಹಾಕಿದ ಕಾಗದದಲ್ಲಿತ್ತು. ಹನ್ನೊಂದು ವರ್ಷ ಮತ್ತೊಬ್ಬರ ಅಂಗಡಿಯಲ್ಲಿ ಸವೆಸಿದ್ದೆ, ಮತ್ತೆ ಅಲ್ಲಿಗೇ ಹೋಗಿ ನಿಲ್ಲಲು ಮನಸ್ಸಿರಲಿಲ್ಲ. ಇಳುವರಿ ಇಳಿಸುವುದು ನನ್ನ ಕೈಯಲ್ಲಿಲ್ಲ, ಸಂಘದ ಖರ್ಚೂ ಇಲ್ಲ. ಕೈಯಲ್ಲಿ ಉಳಿದದ್ದು ಮೂರನೇ ಸಾಲು ಒಂದೇ.

ಮಾರನೇ ದಿನ ಮೆಟ್ಟಿಲು ಹತ್ತಿದೆ. ಆರ್ಡರ್ ಪುಸ್ತಕ, ಮೂವತ್ತಾರು ರಸೀತಿ ಚೀಲದಲ್ಲಿದ್ದವು. ಬೆಂಚಿನ ಮೇಲೆ ಐದಾರು ಜನರಿದ್ದರು. ಎಲ್ಲರಿಗೂ ಕೇಳಿಸುವಂತೆ, ಬೇಕೆಂದೇ ದೊಡ್ಡ ದನಿಯಲ್ಲಿ ಹೇಳಿದೆ. "ನನ್ನ ಅನುಮಾನದ ಚೀಟಿ ತೋರಿಸಿ."

ಅತ್ತೆ ತಲೆಯೆತ್ತಿದರು. ಡ್ರಾಯರಿನಲ್ಲಿ ಹುಡುಕಲಿಲ್ಲ. ಎಲ್ಲಕ್ಕಿಂತ ಮೇಲೇ ಇತ್ತು. ಅಂಚು ಮಾಸಿತ್ತು. ಎಷ್ಟು ಸಲ ಹೊರಗೆ ತೆಗೆದು ಒಳಗಿಟ್ಟಿದ್ದರೋ ಏನೋ.

ನಾಲ್ಕೇ ಬರಹ. ಹೊಸ ಅಂಗಡಿ, ಅರ್ಧ. ಮುಕ್ಕಾಲುಪಾಲು ಆರ್ಡರು ಒಂದೇ ಕಣ್ಣಿನ ಆಸ್ಪತ್ರೆಯದು, ಒಂದು. ಹಳೆಯ ಯಂತ್ರ, ಬೇಕೆಂದಾಗ ಮಾರಲು ಗಿರಾಕಿ ಸಿಗುವುದು ಕಷ್ಟ, ಕಾಲು. ಕೊನೆಯದು, ಮನೆಯಲ್ಲಿ ನನ್ನ ಮಗ ಇದ್ದಾನೆ, ಒಂದೂಮುಕ್ಕಾಲು.

ನಾನು ಇನ್ನೊಮ್ಮೆ ಓದಿದೆ. ನನ್ನ ಬಗ್ಗೆ ಅದರಲ್ಲಿ ಒಂದಕ್ಷರ ಇರಲಿಲ್ಲ. ಮೂರು ವರ್ಷ ನಾನು ಹಲ್ಲು ಕಚ್ಚಿಕೊಂಡು ಹೊತ್ತ ಅವಮಾನ ನನ್ನದಾಗಿರಲೇ ಇಲ್ಲ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ವಾದ ಇದೆಯಾ?" ಅತ್ತೆ ಪೆನ್ಸಿಲು ಕೈಗೆತ್ತಿಕೊಂಡರು.

ಅಂಗಡಿಗೆ ಮೂರು ವರ್ಷ ತುಂಬಿದೆ ಎಂದೆ. ಅರ್ಧಕ್ಕೆ ಗೆರೆ ಎಳೆದರು. ಆರ್ಡರ್ ಪುಸ್ತಕ ತೆರೆದು, ಈಗ ಇನ್ನೂ ಮೂರು ಅಂಗಡಿಯವರು ಕೆಲಸ ಕೊಡುತ್ತಾರೆ ಎಂದು ತೋರಿಸಿದೆ. ಕನ್ನಡಕ ಮೂಗಿಗೆ ಏರಿಸಿ ಒಂದೊಂದೇ ಪುಟ ತಿರುವಿ ನೋಡಿ, ಒಂದನ್ನು ಹೊಡೆದು ಕಾಲು ಎಂದು ಬರೆದರು. ಯಂತ್ರ ಹಳೆಯದೇ, ಅದಕ್ಕೆ ನನ್ನಲ್ಲೂ ವಾದವಿರಲಿಲ್ಲ. ಒಂದೂಕಾಲು ಇಳಿಯಿತು. ಹದಿನಾಲ್ಕೂಕಾಲು ಹದಿಮೂರಾಯಿತು. ಇನ್ನೂ ಅರ್ಧ ಬೇಕು.

ಕೊನೆಯ ಸಾಲಿಗೆ ಮೂವತ್ತಾರು ರಸೀತಿಗಳನ್ನು ಕೌಂಟರಿನ ಮೇಲೆ ಹರಡಿದೆ. ಒಂದೊಂದರಲ್ಲೂ ಅತ್ತೆಯ ಮುದ್ರೆ, 'ತಂದವರು' ಎಂಬಲ್ಲಿ ಅವರ ಮಗನ ಸಹಿ, ಐದನೇ ತಾರೀಕು. "ಮೂರು ವರ್ಷ. ಒಂದು ದಿನ ತಡ ಆಗಿಲ್ಲ, ಒಂದು ಪೈಸೆ ಕಮ್ಮಿ ಬಂದಿಲ್ಲ. ತಂದಿದ್ದು ಅವರೇ. ತಗೊಂಡಿದ್ದು ನೀವೇ. ಇನ್ನೇನು ಪುರಾವೆ ಬೇಕು?"

ಗೆದ್ದೆ ಅಂದುಕೊಂಡೆ. ಬೆಂಚಿನ ಮೇಲೆ ಯಾರೋ ಭೇಷ್ ಎಂದರು.

ಅತ್ತೆ ರಸೀತಿಗಳನ್ನು ಮುಟ್ಟಲಿಲ್ಲ. ಕೆಳಗಿನ ಡ್ರಾಯರು ಎಳೆದು, ರಬ್ಬರ್ ಬ್ಯಾಂಡು ಸುತ್ತಿದ ಒಂದು ಕಟ್ಟು ತೆಗೆದು ನನ್ನ ಮುಂದಿಟ್ಟರು. ನಾನು ಕಳಿಸಿದ ಲಕೋಟೆಗಳು. ಸೀಳಿ ಚೀಟಿ ಮಾಡಿಕೊಳ್ಳದೆ ಇವನ್ನು ಮಾತ್ರ ಹಾಗೇ ಇಟ್ಟಿದ್ದರು. ಒಂದೊಂದರ ಬಾಯಿಗೂ ದಪ್ಪಗೆ ಗೋಂದು. ಅಂಟಿಸಿದ ಗೆರೆಯ ಮೇಲೆ, ಅತ್ತ ಅರ್ಧ ಇತ್ತ ಅರ್ಧ ಬರುವಂತೆ, ನನ್ನ ಸಹಿ. ಪಕ್ಕದಲ್ಲಿ ಒಳಗಿರುವ ಮೊತ್ತ.

"ಇದನ್ನ ಅಂಟಿಸಿದ್ದು ಯಾರು?"

"ನಾನು."

"ಅಂಟಿನ ಮೇಲೆ ಸಹಿ ಯಾಕೆ?"

ನೋಟು ಉದುರದಿರಲಿ ಅಂತ, ಎಂದು ಬಾಯಿಗೆ ಬಂದದ್ದು ಅಲ್ಲೇ ನಿಂತಿತು. ನೋಟು ಉದುರದಿರಲು ಗೋಂದು ಸಾಕು, ಸಹಿ ಬೇಕಿಲ್ಲ.

ಅತ್ತೆ ಮುಂದಕ್ಕೆ ಬಾಗಿದರು. ಕೌಂಟರಿನ ಹಿಂದೆ ಕೂತು ಅವರು ಮೊಟ್ಟಮೊದಲ ಸಲ ನನ್ನನ್ನು ನೀನು ಎಂದರು, ದನಿ ತಗ್ಗಿಸಿ, ಬೆಂಚಿಗೆ ಕೇಳಿಸದ ಹಾಗೆ.

"ಮುಚ್ಚಿದ ಲಕೋಟೆ ತಂದುಕೊಟ್ಟ ಅಂದ್ರೆ ಅವನ ಕಾಲು ಗಟ್ಟಿ ಇದೆ ಅಂತ ಗೊತ್ತಾಗುತ್ತೆ, ಅಷ್ಟೆ. ಪ್ರತಿ ತಿಂಗಳು ಅವನು ಇಲ್ಲಿ ನಿಂತು ಇದನ್ನ ಕೊಡುವಾಗ ನಾನು ಅಂಟು ನೋಡ್ತಿದ್ದೆ, ಆಮೇಲೆ ಅವನ ಮುಖ ನೋಡ್ತಿದ್ದೆ. ನಾನು ಒಂದೂಮುಕ್ಕಾಲು ಹಾಕಿದೆ, ಕಾಗದದ ಮೇಲೆ ಬರೆದು ಹಾಕಿದೆ. ನೀನು ಎಷ್ಟು ಹಾಕಿದ್ದೀಯ ಹೇಳು?"

ನಾನು ಲಕೋಟೆಯ ಕಟ್ಟನ್ನು ಅವರ ಕಡೆಗೆ ಸರಿಸಿದೆ.

"ನನಗೂ ಅದನ್ನ ಹೊಡೆದು ಹಾಕೋ ಆಸೆ ಇಲ್ಲ ಅಂದ್ಕೊಂಡಿದ್ದೀಯಾ?" ಅವರ ಕಣ್ಣು ತೇವವಾಗಿತ್ತು. "ಹೆತ್ತವಳು ನಾನು. ಆದ್ರೆ ಈ ಡ್ರಾಯರಲ್ಲಿರೋದು ನನ್ನ ಹಣ ಅಲ್ಲ. ಹಾಲಿನವಳದು, ಕಾವಲುಗಾರನದು. ಅವರ ಹಣ ಇಟ್ಟುಕೊಂಡು ನಾನು ಮಗನ್ನ ಮುದ್ದು ಮಾಡೋಕಾಗಲ್ಲ. ಅಂಟಿಲ್ಲದೆ ಬಂದ ಒಂದೊಂದು ತಿಂಗಳಿಗೆ ಒಂದೊಂದು ಕಾಲು ಬಿಡ್ತೀನಿ. ಕಳಿಸೋದು ಬಿಡೋದು ನಿನ್ನಿಷ್ಟ." ಆಮೇಲೆ ನೆಟ್ಟಗೆ ಕೂತು, ಎಲ್ಲರಿಗೂ ಕೇಳುವಂತೆ, "ತಮ್ಮ ದರ ಇವತ್ತಿಗೆ ಹದಿಮೂರು. ಮುಂದಿನವರು ಬನ್ನಿ" ಎಂದರು.

ಐದನೇ ತಾರೀಕಿಗೆ ಇನ್ನೂ ಒಂಬತ್ತು ದಿನವಿತ್ತು. ಆ ಒಂಬತ್ತು ದಿನ ನನ್ನ ಮೇಲೇ ನನಗೆ ಸಿಟ್ಟು. ಅತ್ತೆಯನ್ನು ಕಲ್ಲುಮನಸ್ಸಿನವರೆಂದು ಮೂರು ವರ್ಷ ಮನಸ್ಸಿನಲ್ಲೇ ಬಯ್ದಿದ್ದೆ. ಅವರು ತಮ್ಮ ಅನುಮಾನವನ್ನು ಅಂಕಿಯಲ್ಲಿ ಬರೆದು, ವಾದ ಮಾಡಿ ಇಳಿಸಿ ಎಂದು ಬಾಗಿಲು ತೆರೆದಿಟ್ಟಿದ್ದರು. ನಾನು ಜೊತೆಗೆ ಸಂಸಾರ ಮಾಡುವ ಮನುಷ್ಯನ ಕಣ್ಣೆದುರೇ ತಿಂಗಳು ತಿಂಗಳು ಗೋಂದು ಹಚ್ಚಿ, ಅದಕ್ಕೆ ಜಾಗ್ರತೆ ಎಂದು ಹೆಸರಿಟ್ಟುಕೊಂಡಿದ್ದೆ. ಅವರ ಅನುಮಾನಕ್ಕೆ ಬೆಲೆ ತೆತ್ತವಳು ನಾನು. ನನ್ನದಕ್ಕೆ ಬೆಲೆ ತೆತ್ತವರು ಯಾರು ಎಂದು ಯೋಚಿಸಲೇ ಇಲ್ಲ.

ಹಾಗಂತ ಭಯ ಹೋಯಿತೆಂದಲ್ಲ. ಈ ಸಲದ ಹಣ ಕೈತಪ್ಪಿದರೆ ಇನ್ನೊಂದು ಕಂತು ಹೊಂದಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಯಂತ್ರ ಹೋಗುತ್ತಿತ್ತು.

ಐದನೇ ತಾರೀಕು ಬೆಳಿಗ್ಗೆ ನೋಟುಗಳನ್ನು ಹಾಗೇ ಮೇಜಿನ ಮೇಲಿಟ್ಟೆ. ನನ್ನ ಗಂಡ ಷರ್ಟಿನ ಗುಂಡಿ ಹಾಕಿಕೊಳ್ಳುತ್ತಾ ಬಂದವರು ನಿಂತರು. ಮೇಜು ನೋಡಿದರು. ಲಕೋಟೆ ಕೆಳಗೆ ಬಿದ್ದಿದೆಯೇನೋ ಎಂದು ನೆಲ ನೋಡಿದರು.

"ಗೋಂದು ಮುಗೀತಾ?" ಎಂದರು.

ಎಲ್ಲವೂ ಗೊತ್ತಿತ್ತು ಈ ಮನುಷ್ಯನಿಗೆ. ಮೂವತ್ತಾರು ಸಲ ಗೊತ್ತಿದ್ದೂ ತೆಗೆದುಕೊಂಡು ಹೋಗಿದ್ದರು, ಒಂದು ಸಲವೂ ಕೇಳದೆ.

"ಮುಗೀತು" ಎಂದೆ. "ನೀವೇ ಎಣಿಸ್ಕೊಳ್ಳಿ."

ಎರಡು ಸಲ ಎಣಿಸಿ, ಮಡಿಸಿ, ಒಳಜೇಬಿಗೆ ಹಾಕಿಕೊಂಡು ಹೊರಟರು.

ಯಾವಾಗಲೂ ಊಟದ ಹೊತ್ತಿಗೆ, ಒಂದು ಗಂಟೆಯೊಳಗೆ ರಸೀತಿ ತಂದು ಅಂಗಡಿಯಲ್ಲಿ ಕೊಟ್ಟು ಹೋಗುತ್ತಿದ್ದರು. ಅವತ್ತು ಒಂದಾಯಿತು, ಒಂದೂವರೆಯಾಯಿತು. ನಾನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಬೀದಿ ನೋಡುತ್ತಾ, ಒಬ್ಬ ಮುದುಕಿಯ ಎಡಗಣ್ಣಿನ ಗಾಜನ್ನು ಬಿರಿಸಿಬಿಟ್ಟೆ. ಎರಡು ವರ್ಷದಲ್ಲಿ ಮೊದಲ ಸಲ. ಎರಡೂಕಾಲಿಗೆ ಬಾಗಿಲಲ್ಲಿ ನೆರಳು ಬಿತ್ತು.

ಬೆವರಿದ್ದರು. ಸ್ಟೂಲು ಎಳೆದುಕೊಂಡು ಕೂತರು. "ನಮ್ಮ ಅಂಗಡಿಯ ಕ್ಯಾಷಿಯರ್ ಬೆನ್ನು ಹತ್ತಿದ. ಮಗಳ ಫೀಸಿಗೆ, ಎರಡೇ ದಿನಕ್ಕೆ ಅಂತ. ಸಂಘದ ಮೆಟ್ಟಿಲ ತನಕ ಬಂದ. ಅಲ್ಲೂ ಬಿಡಲಿಲ್ಲ."

"ಆಮೇಲೆ?" ಎಂದೆ.

"ಹೋದ ತಿಂಗಳೂ ಕೇಳಿದ್ದ. ಆಗ ಸುಲಭ ಇತ್ತು. ಲಕೋಟೆ ತೆಗೆದು ಅಂಟು ತೋರಿಸ್ತಿದ್ದೆ. ನೋಡಪ್ಪಾ, ಮುಚ್ಚಿದೆ, ನನ್ನ ಕೈಲೇನೂ ಇಲ್ಲ ಅಂತ." ಮುಖ ಒರೆಸಿಕೊಂಡರು. "ಇವತ್ತು ತೋರಿಸೋಕೆ ಏನೂ ಇರಲಿಲ್ಲ. ನಾನೇ ಇಲ್ಲ ಅನ್ನಬೇಕಾಯ್ತು. ಒಂದು ಗಂಟೆ ಹಿಡೀತು ಕಣೇ, ಒಂದು ಇಲ್ಲ ಅನ್ನೋಕೆ."

ಜೇಬಿನಿಂದ ರಸೀತಿ ತೆಗೆದು ಮೇಜಿನ ಮೇಲಿಟ್ಟರು. ಅದರ ಕೆಳಗೆ ಅಂಚು ಮಾಸಿದ ಚೀಟಿ. ಅವತ್ತು ಹಲಗೆಯ ಮೂರನೇ ಸಾಲು ಓದಿ, ನನ್ನ ಪರವಾಗಿ ತಾಯಿಯ ಹತ್ತಿರ ಕೇಳಿ ತಂದವರು ಅವರೇ. ಕೊನೆಯ ಬರಹದ ಒಂದೂಮುಕ್ಕಾಲಿಗೆ ಗೆರೆ ಬಿದ್ದು ಪಕ್ಕದಲ್ಲಿ ಒಂದೂವರೆ ಎಂದಿತ್ತು. ಹದಿಮೂರು ಹನ್ನೆರಡೂಮುಕ್ಕಾಲಾಗಿತ್ತು. ಇನ್ನೊಂದು ತಿಂಗಳು ಹೀಗೇ ನಡೆದರೆ ಅಂಗಡಿ ಉಳಿಯುತ್ತದೆ.

ನನ್ನ ಗಂಡ ಆ ಬರಹದ ಮೇಲೆ ಬೆರಳಿಟ್ಟರು. "ಇದು ನಾನು."

"ಹೂಂ."

"ಅಮ್ಮ ಸರಿಯಾಗೇ ಹಾಕಿದಾಳೆ. ಇನ್ನೂ ಆರು ಕಾಲು ಇದೆ." ಚೀಟಿಯಿಂದ ತಲೆಯೆತ್ತದೆ ಕೇಳಿದರು. "ನಿನ್ನ ಹತ್ರ ಎಷ್ಟಿದೆ?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಎರಡೂಕಾಲು ಗಂಟೆ ತನಕ ತುಂಬಾ ಇತ್ತು" ಎಂದೆ. ಅಳು ಬಂತು. ಬಿರಿದ ಗಾಜಿನ ಚೂರನ್ನು ಬಟ್ಟೆಯಿಂದ ಒರೆಸುತ್ತಾ ಮುಖ ಆಚೆ ತಿರುಗಿಸಿದೆ.

ಅವರು ಚೀಟಿಯನ್ನು ಮಡಿಸಿ ಒಳಜೇಬಿಗೆ ಹಾಕಿಕೊಂಡು ಎದ್ದರು. ಬಾಗಿಲ ಹತ್ತಿರ ಹೋಗಿ ತಿರುಗಿ ನಿಂತರು.

"ಆರು ತಿಂಗಳು ತಾನೇ" ಎಂದರು. "ನೀನು ಗೋಂದು ತರಬೇಡ, ಅಷ್ಟು ಸಾಕು."